ಕರಟ ಇಟ್ಟ ತುತ್ತೂರಿ

“ಗುರುಗಳೇ, ಅಕ್ಕಪಕ್ಕದವರಿಗೆ ತೊಂದರೆಯಾಗದ ಹಾಗೆ ತಗ್ಗಿ ಬದುಕು ಎನ್ನುತ್ತೀರಿ. ಎಷ್ಟು ತಗ್ಗಬೇಕು?” ಎಂದು ಶಿಷ್ಯ ಕೇಳಿದ.

ಗುರು ಒಂದು ಕಥೆ ಹೇಳಿದರು.

ಒಬ್ಬ ತುತ್ತೂರಿಯವನಿದ್ದ. ಮದುವೆ ಬ್ಯಾಂಡಿನಲ್ಲಿ ಹಿತ್ತಾಳೆ ತುತ್ತೂರಿ ಊದುತ್ತಿದ್ದ. ದಿನಾ ಮನೆಯಲ್ಲಿ ಊದದಿದ್ದರೆ ತುಟಿ ಪಳಗಿದ್ದು ತಪ್ಪಿಹೋಗುತ್ತದೆ. ಆ ಕೆಲಸವೇ ಹಾಗೆ. ಮಹಡಿಯ ಮೇಲೆ ಒಬ್ಬ ವ್ಯಾಪಾರಿಯಿದ್ದ. ಮನೆ ಅವನದಲ್ಲ, ಅವನೂ ಬಾಡಿಗೆಗಿದ್ದವನೇ. ಮಗಳ ಮದುವೆಯಲ್ಲಿ ‘ಊರಿಗೆಲ್ಲ ಕೇಳಬೇಕು, ಊದಯ್ಯಾ’ ಎಂದು ಇದೇ ತುತ್ತೂರಿಯವನನ್ನು ಗದರಿಸಿ ಊದಿಸಿದ್ದ. ಮದುವೆ ಮುಗಿಯಿತು. ಆಮೇಲೆ ಅವನಿಗೆ ಅದೇ ದನಿ ಗಲಾಟೆಯಾಯಿತು.

ತುತ್ತೂರಿಯವನ ಹೆಂಡತಿ ಒಂದು ಉಪಾಯ ಮಾಡಿದಳು. ತೆಂಗಿನ ಕರಟವನ್ನು ಉಜ್ಜಿ ನುಣುಪು ಮಾಡಿದಳು. ಸವೆದ ಹವಾಯಿ ಚಪ್ಪಲಿಯಿಂದ ಮೂರು ತುಂಡು ಕತ್ತರಿಸಿ ಅದರ ಅಂಚಿಗೆ ಅಂಟಿಸಿದಳು. ತುತ್ತೂರಿಯ ಅಗಲದ ಬಾಯಿಗೆ ಒತ್ತಿಟ್ಟರೆ ಕರಟ ನಿಲ್ಲುತ್ತದೆ. ತುಂಡುಗಳ ಸಂದಿಯಲ್ಲಿ ಉಸಿರು ಹೋಗುತ್ತದೆ. ದನಿ ಸಣ್ಣದಾಗುತ್ತದೆ.

“ವಾದ್ಯದೊಳಗೆ ಚಪ್ಪಲಿ ಇಡ್ತೀಯೇನೇ?”

“ತೊಳೆದಿದ್ದೀನಿ. ನಿಮ್ಮ ಬಾಯಿಗೇನೂ ಇಟ್ಟಿಲ್ಲವಲ್ಲ, ಸುಮ್ಮನೆ ಊದಿ.”

ಇನ್ನೂ ಕೇಳುತ್ತದೆ ಎಂದ ವ್ಯಾಪಾರಿ. ಅವಳು ಕರಟದೊಳಗೆ ಹಳೆ ಸೀರೆಯ ಚೂರು ತುಂಬಿದಳು. ಇನ್ನೂ ಕೇಳುತ್ತದೆ ಎಂದ. ಮೇಲೊಂದು ಟವೆಲು ಕಟ್ಟಿದಳು. ಕಡೆಗೆ ಗಂಡ ಊದಿದ್ದು ಪಕ್ಕದಲ್ಲಿ ಕೂತ ಅವಳೊಬ್ಬಳಿಗೆ ಕೇಳುತ್ತಿತ್ತು. ಹಾಗೆ ಹನ್ನೊಂದು ವರ್ಷ.

ಅವಳು ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಹೇಳಿದಳು.

“ರೀ, ಕರಟ ತೆಗೀರಿ. ಒಂದು ಸಲ ಪೂರ್ತಿ ದನಿಯಲ್ಲಿ ಊದಿ. ನಾನು ಕೇಳಬೇಕು.”

ಅವನು ಟವೆಲು ಬಿಚ್ಚಿದ. ಕರಟ ಕಿತ್ತ. ಆಮೇಲೆ ತುತ್ತೂರಿಯನ್ನು ಕೆಳಗಿಟ್ಟು ಮೆಟ್ಟಿಲು ಹತ್ತಿದ.

ವ್ಯಾಪಾರಿ ಉಂಡು ಮಲಗುವುದರಲ್ಲಿದ್ದ.

“ಒಂದೇ ಹಾಡು, ಸಾಹುಕಾರರೇ. ಅವಳಿಗೆ ತೀರಾ ಹುಷಾರಿಲ್ಲ.”

“ಹುಷಾರಿಲ್ಲದವರಿಗೆ ಹಾಡು ಯಾಕಯ್ಯಾ? ನಾಲ್ಕು ಗಂಟೆಗೆ ಏಳ್ತೀನಿ. ಆಮೇಲೆ ಎಷ್ಟಾದರೂ ಊದಿಕೋ.”

ಅವನು ಇಳಿದು ಬಂದ. ತುತ್ತೂರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಅವಳು ಅದನ್ನೇ ನೋಡುತ್ತಿದ್ದಳು. ಅವನು ಗಡಿಯಾರ ನೋಡುತ್ತಿದ್ದ. ಮೂರೂವರೆಗೆ ಅವಳು ಹೋದಳು.

ನಾಲ್ಕು ಗಂಟೆಗೆ ವ್ಯಾಪಾರಿ ಮೆಟ್ಟಿಲಿನಿಂದ ಬಗ್ಗಿ ಕೂಗಿದ. “ಎದ್ದೆ ಕಣಯ್ಯಾ. ಈಗ ಊದು.”

ಇಷ್ಟು ಹೇಳಿ ಗುರು ನಿಲ್ಲಿಸಿದರು. ಶಿಷ್ಯ ಸಿಟ್ಟಿನಿಂದ ಎದ್ದು ನಿಂತಿದ್ದ.

“ಥೂ! ಅವನೂ ಒಬ್ಬ ಮನುಷ್ಯನೇ? ಅವನ ನಿದ್ದೆಗಿಷ್ಟು ಬೆಂಕಿ ಬೀಳಲಿ!”

ಗುರು ತಲೆ ಎತ್ತಿ ಅವನನ್ನು ನೋಡಿದರು.

“ಕರಟ ಇಟ್ಟವಳು ಅವಳು, ತೆಗಿ ಎಂದವಳೂ ಅವಳೇ. ಅಷ್ಟಾದರೂ ಮೆಟ್ಟಿಲು ಹತ್ತಿ ಅಪ್ಪಣೆ ಕೇಳಿದವನಿಗೆ ನೀನು ಏನೂ ಅನ್ನಲಿಲ್ಲವಲ್ಲ.”