ಗುರುತಿಲ್ಲದ ಮಡಕೆಗಳು

"ಯಾರನ್ನು ಕೇಳಿದರೂ ಒಂದೇ ಉತ್ತರ ಕೊಟ್ಟರೆ ಅದನ್ನು ನಂಬುವುದು ಹೇಗೆ ಸರ್?"

ಕೇಳಿದವನು ಇಂದುಧರ. ಅರ್ಥಶಾಸ್ತ್ರ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿದ್ದ. ಕೇಳಿದ್ದು ತನ್ನ ಮಾರ್ಗದರ್ಶಕರಾದ ತಿಮ್ಮರಸಯ್ಯ ಮೇಷ್ಟ್ರನ್ನು. ಅವನ ಸಂಶೋಧನೆ ಮಾರುಕಟ್ಟೆಯ ಹಮಾಲರ ಒಂದು ಸಂಘವನ್ನು ಕುರಿತದ್ದು. ಆ ಹಮಾಲರು ದಿನವಿಡೀ ಮೂಟೆ ಹೊತ್ತು, ಸಂಜೆ ಎಲ್ಲರ ಕೂಲಿಯನ್ನೂ ಒಂದೆಡೆ ಸುರಿದು, ಸಮನಾಗಿ ಹಂಚಿಕೊಳ್ಳುತ್ತಿದ್ದರು. ಹೆಚ್ಚು ಹೊತ್ತವನಿಗೂ ಅಷ್ಟೇ, ಕಡಿಮೆ ಹೊತ್ತವನಿಗೂ ಅಷ್ಟೇ. ಇದರಲ್ಲಿ ಮೈಗಳ್ಳರು ಯಾರೂ ಇಲ್ಲವೇ ಎಂದು ಇಂದುಧರ ಕೇಳಿದಾಗ ಎಲ್ಲರೂ "ಅಂಥವರು ನಮ್ಮಲ್ಲಿಲ್ಲ" ಎಂದಿದ್ದರು. ಆ ಒಂದೇ ಮಾತು ಅವನ ನಿದ್ದೆ ಕೆಡಿಸಿತ್ತು. ಎಲ್ಲರೂ ಒಂದೇ ಮಾತು ಹೇಳುವ ಅಧ್ಯಾಯವನ್ನು ಯಾವ ಪರೀಕ್ಷಕ ಒಪ್ಪುತ್ತಾನೆ?

"ಅವರು ಮೊದಲೇ ಮಾತಾಡಿಕೊಂಡಿದ್ದಾರೆ ಸರ್. ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಕೇಳಬೇಕು. ನಿಮ್ಮಲ್ಲಿ ಮೈಗಳ್ಳ ಯಾರು, ಹೆಸರು ಹೇಳಿ ಅಂತ. ಹೇಳಿದವರ ಹೆಸರು ಹೊರಗೆ ಬರುವುದಿಲ್ಲ ಅಂತ ಮಾತು ಕೊಟ್ಟು ಕೇಳಿದರೆ ನಿಜ ತಾನಾಗಿ ಬರುತ್ತದೆ. ನೀವು ಹೂಂ ಅಂದರೆ ಸೋಮವಾರದಿಂದಲೇ ಶುರುಮಾಡುತ್ತೇನೆ."

ಮೇಷ್ಟ್ರು ಹೂಂ ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಒಬ್ಬ ರಾಜನ ಸೀಮೆಯಲ್ಲಿ ಒಂದು ಕುಂಬಾರಕೇರಿ ಇತ್ತು. ಕೇರಿಗೆಲ್ಲ ಸೇರಿ ಮಡಕೆ ಸುಡುವ ಆವಿಗೆ ಒಂದೇ. ಸುಡುವ ದಿನ ಎಲ್ಲ ಮನೆಯವರೂ ತಮ್ಮ ಹಸಿ ಮಡಕೆಗಳನ್ನು ಹೊತ್ತು ತರುತ್ತಿದ್ದರು. ಅವನ್ನು ಜೋಡಿಸುವವಳು ಒಬ್ಬ ಮುದುಕಿ. ಕಾಳು ತುಂಬುವ ದೊಡ್ಡ ಗುಡಾಣಗಳು ಕೆಳಗೆ, ಕೊಡಗಳು ಅವುಗಳ ಮೇಲೆ, ಕುಡಿಕೆ ಹಣತೆಗಳು ತುದಿಗೆ. ಅಂಚಿನಲ್ಲಿ ನಿಂತವಕ್ಕೆ ಗಾಳಿ ಹೊಡೆಯುತ್ತಿತ್ತು. ಒಡೆಯುವುದೂ ಅಲ್ಲಿಯೇ ಹೆಚ್ಚು. ಆದರೆ ಅಂಚಿಲ್ಲದ ಆವಿಗೆ ಇರುವುದಿಲ್ಲವಲ್ಲ, ಯಾವುದೋ ಮಡಕೆ ಅಲ್ಲಿ ನಿಲ್ಲಲೇಬೇಕು.

ಆವಿಗೆ ಆರಿದ ಮೇಲೆ ಒಡೆದವನ್ನು ಒಂದು ಕಡೆ ಎಸೆಯುತ್ತಿದ್ದರು. ಗಟ್ಟಿಯಾಗಿ ಉಳಿದವನ್ನು ಪಾಲು ಮಾಡುತ್ತಿದ್ದರು. ಹೆಚ್ಚು ಇಟ್ಟವರಿಗೆ ಹೆಚ್ಚು, ಕಡಿಮೆ ಇಟ್ಟವರಿಗೆ ಕಡಿಮೆ. ಒಡೆದದ್ದು ಯಾರದ್ದು ಎಂದು ಯಾರೂ ಕೇಳುತ್ತಿರಲಿಲ್ಲ. ಮಡಕೆಗೆ ಗುರುತು ಹಾಕುವ ಪದ್ಧತಿಯೂ ಇರಲಿಲ್ಲ. ತನ್ನ ಕೈಯ ಮಡಕೆಯನ್ನು ಗುರುತಿಸಲಾರದ ಕುಂಬಾರ ಇಲ್ಲ, ನಿಜ. ಆದರೆ ಗುರುತಿಸಿದ್ದನ್ನು ಬಾಯಿಬಿಟ್ಟು ಹೇಳುವುದು ಆ ಕೇರಿಯಲ್ಲಿ ಮರ್ಯಾದೆಯಾಗಿರಲಿಲ್ಲ.

ರಾಜನಿಗೆ ತನ್ನ ಸೀಮೆಯ ಕಸುಬುಗಳ ಬಗ್ಗೆ ತಿಳಿಯುವ ಮನಸ್ಸಾಯಿತು. ಯಾವ ಕಸುಬಿಗೆ ಯಾವ ನೆರವು ಬೇಕು, ಯಾವ ಕಟ್ಟಳೆ ಬೇಕು ಎಂದು ಅರಿಯದೆ ಆಳುವುದು ಹೇಗೆ? ತನ್ನ ವಿದ್ಯಾಶಾಲೆಯಲ್ಲಿ ಓದಿದ ಒಬ್ಬ ಶೋಧಕನನ್ನು ಕುಂಬಾರಕೇರಿಗೆ ಕಳಿಸಿದ. ಶೋಧಕ ಒಳ್ಳೆಯವನು. ಲಂಚ ಮುಟ್ಟುವವನಲ್ಲ, ಸುಳ್ಳು ಬರೆಯುವವನಲ್ಲ, ಯಾರಿಗೂ ಕೇಡು ಬಯಸಿದವನಲ್ಲ.

ಅವನು ಬಂದವನೇ ಎಲ್ಲರನ್ನೂ ಆವಿಗೆಯ ಬಳಿ ಸೇರಿಸಿ, "ಇದು ಹೇಗೆ ನಡೆಯುತ್ತದೆ?" ಎಂದು ಕೇಳಿದ.

"ಬೆಂಕಿ ಹಚ್ಚಿದರೆ ನಡೆಯುತ್ತದೆ ಬುದ್ಧೀ. ಹಚ್ಚದಿದ್ದರೆ ಸುಮ್ಮನಿರುತ್ತದೆ" ಎಂದಳು ಮುದುಕಿ. ಎಲ್ಲರೂ ನಕ್ಕರು.

ಪಾಲು ಮಾಡುವಾಗ ಜಗಳ ಬರುವುದಿಲ್ಲವೇ ಎಂದ. ಇಲ್ಲ ಎಂದರು. ಕಳಪೆ ಮಡಕೆ ಇಟ್ಟು ಒಳ್ಳೆಯದರಲ್ಲಿ ಪಾಲು ಹೊಡೆಯುವವರಿಲ್ಲವೇ ಎಂದ. ಇಲ್ಲ ಎಂದರು. ಎಲ್ಲರ ಬಾಯಲ್ಲೂ ಅದೇ. ಶೋಧಕ ಓದಿದ ಓದಿನಲ್ಲಿ ಇಂಥ ಕೇರಿ ಇರಲು ಸಾಧ್ಯವಿರಲಿಲ್ಲ. ಮನುಷ್ಯ ತನ್ನ ಲಾಭ ನೋಡುತ್ತಾನೆ. ನೋಡುತ್ತಿಲ್ಲ ಎಂದು ಕಂಡರೆ ಅವನು ಮುಚ್ಚಿಡುತ್ತಿದ್ದಾನೆ ಎಂದೇ ಅರ್ಥ.

ಮರುದಿನದಿಂದ ಅವನು ತನ್ನ ಬಿಡಾರಕ್ಕೆ ಒಬ್ಬೊಬ್ಬರನ್ನೇ ಕರೆಸತೊಡಗಿದ.

ಆ ಕೇರಿಯಲ್ಲಿ ಒಬ್ಬ ಕುಂಬಾರನಿದ್ದ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಎದುರುಮನೆಯ ಕುಂಬಾರನಿಗೂ ಅವನಿಗೂ ರಕ್ತಸಂಬಂಧವಿಲ್ಲದಿದ್ದರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು. ಒಬ್ಬನ ಮನೆಯ ಮಣ್ಣು ಮುಗಿದರೆ ಇನ್ನೊಬ್ಬನ ಗುಡ್ಡೆಯಿಂದ ಕೇಳದೆ ತರುವಷ್ಟು ಸಲುಗೆ. ಈ ಕುಂಬಾರನ ಸರದಿ ಬಂತು. ಒಳಗೆ ಹೋದ. ಶೋಧಕ ಬಾಗಿಲು ಹಾಕಿದ.

"ನಿಮ್ಮಲ್ಲಿ ಯಾರ ಮಡಕೆ ಹೆಚ್ಚಾಗಿ ಒಡೆಯುತ್ತದೆ?"

"ಹಾಗೆ ಯಾರೂ ನೋಡಿಲ್ಲ ಬುದ್ಧೀ."

"ನೋಡಿಲ್ಲವೋ, ನೋಡಿಯೂ ಹೇಳುತ್ತಿಲ್ಲವೋ? ಹೆದರಬೇಡ. ನಿನ್ನ ಹೆಸರು ಯಾರಿಗೂ ಗೊತ್ತಾಗುವುದಿಲ್ಲ."

"ನನ್ನ ಹೆಸರು ಈ ಕೇರಿಯ ನಾಯಿಗೂ ಗೊತ್ತು. ಅದನ್ನು ಮುಚ್ಚಿಡುವಂಥದ್ದು ಏನಾಯಿತು?"

ಶೋಧಕ ನಕ್ಕ. ಬೇರೆ ಬೇರೆ ದಾರಿಯಿಂದ ಅದನ್ನೇ ಕೇಳಿದ. ಕುಂಬಾರ ಯಾರ ಹೆಸರನ್ನೂ ಹೇಳಲಿಲ್ಲ. ಕೊನೆಗೆ ಶೋಧಕ, "ಆಗಲಿ. ಇಲ್ಲಿ ಕೇಳಿದ್ದನ್ನು ಮಾತ್ರ ಇನ್ನೊಬ್ಬರಿಗೆ ಹೇಳಬೇಡ. ಹೇಳಿದರೆ ಅವರು ಉತ್ತರವನ್ನು ಹೊಂದಿಸಿಕೊಂಡು ಬರುತ್ತಾರೆ" ಎಂದು ಮಾತು ತೆಗೆದುಕೊಂಡು ಕಳಿಸಿದ.

ಕುಂಬಾರ ಮನೆಗೆ ಬಂದ. ಹೆಂಡತಿ ಏನು ಕೇಳಿದರು ಎಂದಳು. ಮಾತು ಕೊಟ್ಟಿದ್ದನಲ್ಲ, "ಏನಿಲ್ಲ" ಎಂದ.

"ಏನಿಲ್ಲಕ್ಕೆ ಇಷ್ಟು ಹೊತ್ತೇ?" ಎಂದಳು ಅವಳು.

ಆ ಮಾತು ಅವನ ತಲೆಯೊಳಗೆ ಕೂತಿತು. ಹಿಂದಿನ ದಿನ ಹೋಗಿದ್ದ ಎದುರುಮನೆಯವನು ಬಿಡಾರದಲ್ಲಿ ತನಗಿಂತ ಹೆಚ್ಚು ಹೊತ್ತು ಇದ್ದ. ಅಷ್ಟು ಹೊತ್ತು ಅವನು ಏನು ಹೇಳುತ್ತಿದ್ದ? ಹೇಳಿದವನ ಹೆಸರನ್ನು ಮುಚ್ಚಿಡುತ್ತೇನೆ ಎಂದರೆ, ಹೇಳಿದವನು ಒಬ್ಬ ಇರಬೇಕು. ಹೇಳಿಸಿಕೊಂಡವನೂ ಒಬ್ಬ ಇರಬೇಕು. ಅವನು ಎದುರುಮನೆಗೆ ಹೋಗಿ, "ಏನು ಕೇಳಿದರು ಭಾವ?" ಎಂದ.

ಎದುರುಮನೆಯವನೂ ಮಾತು ಕೊಟ್ಟಿದ್ದ. ತಿರುಗುತ್ತಿದ್ದ ಮಣ್ಣಿನಿಂದ ಕಣ್ಣು ಎತ್ತದೆ, "ಏನಿಲ್ಲ ಭಾವ. ನಿನ್ನನ್ನೇನು ಕೇಳಿದರು?" ಎಂದ.

"ಏನಿಲ್ಲ."

ಇಬ್ಬರೂ ಮಳೆ ಬಿಸಿಲಿನ ಮಾತಾಡಿದರು. ಮುಂಚೆ ಅವರಿಗೆ ಅಂಥ ಮಾತು ಬೇಕಾಗುತ್ತಿರಲಿಲ್ಲ.

ಆಮೇಲೆ ಕುಂಬಾರನಿಗೆ ಹಳೆಯದೆಲ್ಲ ನೆನಪಾಗತೊಡಗಿತು. ಹಿಂದೊಮ್ಮೆ ಆವಿಗೆ ಬಿಚ್ಚುವಾಗ ಎದುರುಮನೆಯವನು ಒಂದು ಸೀಳಿದ ಕೊಡವನ್ನು ಎತ್ತಿ, ತಿರುಗಿಸಿ ನೋಡಿ, ಏನೂ ಹೇಳದೆ ಕೆಳಗಿಟ್ಟಿದ್ದ. ಆಗ ಅದು ಬರಿಯ ಕೊಡವಾಗಿತ್ತು. ಈಗ ಆ ಕೊಡ ತನ್ನದೇ ಇರಬೇಕು ಅನ್ನಿಸಿತು. ಮುದುಕಿ ಒಮ್ಮೆ, "ಈ ಸಲ ಮಣ್ಣು ಸರಿ ಹದವಾಗಿಲ್ಲ" ಎಂದಿದ್ದಳು. ಯಾರನ್ನು ನೋಡಿ ಹೇಳಿದಳು? ಬಾವಿಕಟ್ಟೆಯಲ್ಲಿ ಇಬ್ಬರು ನಗುತ್ತಿದ್ದರೆ ಕಾಲು ತಾನಾಗಿ ನಿಲ್ಲುತ್ತಿತ್ತು. ಹತ್ತಿರ ಹೋದರೆ ಅವರು ಸುಮ್ಮನಾಗುತ್ತಿದ್ದರು. ಅವರು ಸುಮ್ಮನಾಗುತ್ತಿದ್ದುದು ಇವನು ನಿಂತು ಆಲಿಸುವುದನ್ನು ಕಂಡು ಎಂದು ಅವನಿಗೆ ಹೊಳೆಯಲಿಲ್ಲ.

ಮುಂದಿನ ಸುಡುವಿಕೆಗೆ ಮಡಕೆ ಮಾಡುವಾಗ ಅವನು ಒಂದೊಂದರ ತಳಕ್ಕೂ ಹೆಬ್ಬೆರಳ ಉಗುರನ್ನು ಒತ್ತಿದ. ಸಣ್ಣ ಗೆರೆ. ಯಾರ ಮೇಲೂ ಅನುಮಾನಪಟ್ಟು ಹಾಕಿದ್ದಲ್ಲ ಎಂದು ತನಗೆ ತಾನೇ ಹೇಳಿಕೊಂಡ. ನಾಳೆ ತನ್ನ ಮೇಲೆ ಮಾತು ಬಂದರೆ, ಒಡೆದದ್ದು ತನ್ನದಲ್ಲ ಎಂದು ತೋರಿಸಲು ಏನಾದರೂ ಬೇಕಲ್ಲ.

ಸುಡುವ ದಿನ ಬಂತು. ಇವನು ತನ್ನ ಮಡಕೆಗಳನ್ನು ಇಳಿಸುತ್ತ, ಪಕ್ಕದಲ್ಲಿದ್ದ ಎದುರುಮನೆಯವನ ಕೊಡವೊಂದನ್ನು ಸರಿಸುವವನಂತೆ ವಾಲಿಸಿ ತಳ ನೋಡಿದ. ಅಲ್ಲಿ ಕಡ್ಡಿಯಿಂದ ಗೀಚಿದ ಗುರುತಿತ್ತು. ಇನ್ನೊಂದು ಮನೆಯದನ್ನು ನೋಡಿದ. ಚುಕ್ಕಿಗಳಿದ್ದವು. ಮತ್ತೊಂದರಲ್ಲಿ ಮತ್ತೇನೋ. ಗುರುತಿಲ್ಲದ ಮಡಕೆ ಆ ಕೇರಿಯಲ್ಲಿ ಒಂದೂ ಉಳಿದಿರಲಿಲ್ಲ. ಎಲ್ಲರೂ ಎಲ್ಲರ ತಳವನ್ನು ನೋಡಿದರು.

ಮುದುಕಿ ಎಂದಿನಂತೆ ಜೋಡಿಸಲು ಕೂತಳು. ಕುಂಬಾರನ ಒಂದು ಕೊಡವನ್ನು ಎತ್ತಿ, "ಇದು ಅಂಚಿಗಿರಲಿ" ಎಂದಳು.

"ನನ್ನದೇ ಯಾಕೆ ಅಂಚಿಗೆ?" ಎಂದ ಅವನು.

"ನಿನ್ನದು ಅಂತ ನನಗೇನಪ್ಪ ಗೊತ್ತು?"

"ತಳ ನೋಡಿಯೇ ಎತ್ತಿದೆಯಲ್ಲ!"

ಮುದುಕಿ ಕೊಡವನ್ನು ಅಲ್ಲೇ ಇಟ್ಟು ಎದ್ದುಹೋದಳು. ಆಮೇಲೆ ಜೋಡಿಸುವವರು ಯಾರು? ಎಲ್ಲರೂ ಜೋಡಿಸಿದರು. ಎಲ್ಲರಿಗೂ ನಡುವೆಯೇ ಬೇಕು. ಒಬ್ಬನ ಗುಡಾಣ ಇನ್ನೊಬ್ಬನ ಕೊಡದ ಮೇಲೆ ಕೂತಿತು. ಹಣತೆಗಳು ಸಂದುಗಳಲ್ಲಿ ಸಿಕ್ಕಿಕೊಂಡವು. ಅಂಚು ಬರಿದಾಗಿ ಉಳಿಯಿತು. ಬೆಂಕಿ ಹಚ್ಚಿದ ಸ್ವಲ್ಪ ಹೊತ್ತಿಗೆಲ್ಲ ಒಳಗೆ ಏನೋ ಕುಸಿದ ಸದ್ದಾಯಿತು. ಆವಿಗೆ ಆರಿಸಿ ನೋಡಿದರೆ ಅರ್ಧ ಚೂರು, ಅರ್ಧ ಹಸಿಬಿಸಿ. ಪಾಲು ಮಾಡಲು ಏನೂ ಇರಲಿಲ್ಲ.

ಕುಂಬಾರ ತನ್ನ ಗೆರೆಯಿದ್ದ ಒಂದು ಚೂರನ್ನು ಹಿಡಿದು ಎದುರುಮನೆಯವನ ಮುಂದೆ ನಿಂತ.

"ನನ್ನ ಹೆಸರು ಹೇಳಿದವನು ನೀನೇ. ಹೇಳದಿದ್ದರೆ ಗುರುತು ಯಾಕೆ ಹಾಕಿದೆ?"

"ನೀನು ಯಾಕೆ ಹಾಕಿದೆ?"

ಇಬ್ಬರೂ ಕೈ ಕೈ ಮಿಲಾಯಿಸಿದರು. ಬಿಡಿಸಲು ಬಂದವರೂ ಎರಡು ಪಂಗಡವಾದರು.

ಶೋಧಕ ಅಲ್ಲೇ ನಿಂತು ನೋಡಿದ. ತಾನು ಮೊದಲ ದಿನವೇ ಊಹಿಸಿದ್ದು ಸುಳ್ಳಾಗಲಿಲ್ಲ ಎಂದುಕೊಂಡ. ಹಿಂತಿರುಗಿ ಹೋಗಿ ರಾಜನಿಗೆ ಕಂಡದ್ದನ್ನು ಕಂಡಂತೆ ಬರೆದುಕೊಟ್ಟ. ಕುಂಬಾರರಲ್ಲಿ ಒಬ್ಬರಿಗೊಬ್ಬರ ಮೇಲೆ ನಂಬಿಕೆಯಿಲ್ಲ. ಪ್ರತಿಯೊಬ್ಬನೂ ತನ್ನ ಮಡಕೆಗೆ ಗುಟ್ಟಾಗಿ ಗುರುತು ಹಾಕುತ್ತಾನೆ. ಸಾಲು ಜೋಡಿಸುವಾಗ ಜಗಳವಾಗುತ್ತದೆ. ಒಟ್ಟಿಗೆ ಸುಡುವುದರಿಂದ ಎಲ್ಲರಿಗೂ ನಷ್ಟ. ಒಂದು ಅಕ್ಷರವೂ ಸುಳ್ಳಲ್ಲ.

ರಾಜ ಓದಿ ಮೆಚ್ಚಿದ. ಮನೆಗೊಂದು ಆವಿಗೆ ಇರಬೇಕೆಂದು ಕಟ್ಟಳೆ ಮಾಡಿದ, ಕಟ್ಟಿಕೊಳ್ಳಲು ನೆರವನ್ನೂ ಕೊಟ್ಟ. ಕುಂಬಾರರು ಕಟ್ಟಿಕೊಂಡರು. ಆದರೆ ಒಂದು ಮನೆಯ ಆವಿಗೆ ಚಿಕ್ಕದು. ಅದರ ಕಾವಿಗೆ ಕುಡಿಕೆ ಬೇಯುತ್ತದೆ, ಗುಡಾಣ ಬೇಯುವುದಿಲ್ಲ. ಕ್ರಮೇಣ ಆ ಸೀಮೆಯಲ್ಲಿ ಗುಡಾಣ ಮಾಡುವವರೇ ಇಲ್ಲವಾದರು. ಜನ ಕಾಳು ತುಂಬಿಡಲು ಪರಸೀಮೆಯಿಂದ ಗುಡಾಣ ತರಿಸತೊಡಗಿದರು. ಯಾಕೆ ಹೀಗಾಯಿತು ಎಂದು ತಿಳಿಯಲು ರಾಜ ಇನ್ನೊಬ್ಬ ಶೋಧಕನನ್ನು ಕಳಿಸಿದ.

ಕುಂಬಾರ ತನ್ನ ಹಿತ್ತಿಲಲ್ಲಿ ಒಬ್ಬನೇ ಮಡಕೆ ಸುಡುತ್ತಿದ್ದ. ಮುಂಚೆ ಒಡೆಯುತ್ತಿದ್ದಷ್ಟೇ ಈಗಲೂ ಒಡೆಯುತ್ತಿತ್ತು. ಮುಂಚೆ ಅದು ಕೇರಿಯದ್ದಾಗಿತ್ತು, ಈಗ ಅಷ್ಟೂ ಅವನದ್ದು. ತನ್ನ ಹೆಸರು ಹೇಳಿದವನನ್ನು ಅವನು ಸಾಯುವವರೆಗೂ ಕ್ಷಮಿಸಲಿಲ್ಲ. ಎದುರುಮನೆಯವನೂ ಕ್ಷಮಿಸಲಿಲ್ಲ. ಬಿಡಾರದೊಳಗೆ ಆ ಪ್ರಶ್ನೆ ಕೇಳಿದಾಗ ಕೇರಿಯ ಒಬ್ಬನೇ ಒಬ್ಬನೂ ಯಾರ ಹೆಸರನ್ನೂ ಹೇಳಿರಲಿಲ್ಲ.

ಕತೆ ಅಲ್ಲಿಗೆ ನಿಂತಿತು. ಇಂದುಧರನಿಗೆ ಸಮಾಧಾನವಾಗಲಿಲ್ಲ. ಮೇಷ್ಟ್ರು ಎಲ್ಲೋ ಲೆಕ್ಕ ತಪ್ಪಿಸುತ್ತಿದ್ದಾರೆ ಅನ್ನಿಸಿತು. ಅವನ ಅಧ್ಯಾಯ ಇನ್ನೂ ಬರಿದಾಗಿಯೇ ಇತ್ತು.

"ಒಂದು ಪ್ರಶ್ನೆಗೆ ಮುರಿಯುವುದಾದರೆ ಅದು ನಂಬಿಕೆ ಹೇಗಾಗುತ್ತದೆ ಸರ್? ಅನುಮಾನ ಅವರೊಳಗೆ ಮೊದಲೇ ಇತ್ತು. ಶೋಧಕ ಅದನ್ನು ಹೊರಗೆ ತಂದ, ಅಷ್ಟೆ. ಕೇಳುವುದರಿಂದ ಇಲ್ಲದ್ದು ಹುಟ್ಟುವುದಿಲ್ಲ."

ಮೇಷ್ಟ್ರು ಇರಬಹುದು ಎನ್ನುವಂತೆ ತಲೆಯಾಡಿಸಿದರು. ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡು, ದನಿ ತಗ್ಗಿಸಿ ಕೇಳಿದರು:

"ನನ್ನ ಹತ್ತಿರ ಪ್ರಬಂಧ ಬರೆಯುತ್ತಿರುವ ನಿಮ್ಮೆಲ್ಲರಲ್ಲಿ ಕದ್ದು ಬರೆಯುವವರು ಯಾರು ಇಂದುಧರ? ಹೇಳು, ನಿನ್ನ ಹೆಸರು ಹೊರಗೆ ಬರುವುದಿಲ್ಲ."