ಇರೆಗಲ್ಲು

ಬೆಳ್ಮುಡಿಯ ಹಾಳುಕೋಟೆಯಿಂದ ತೆಂಕಣ ದಿಕ್ಕಿಗೆ ಎರಡು ಹರಿದಾರಿ ನಡೆದರೆ, ಕರಿಮಣ್ಣಿನ ಜೋಳದ ಹೊಲಗಳ ನಡುವೆ ಒಂದು ಬೋಳುಗುಡ್ಡ ಎದುರಾಗುತ್ತದೆ. ಅದರ ಹೆಸರು ಇರೆಗಲ್ಲು. ಸರ್ಕಾರದ ದಾಖಲೆಯಲ್ಲಿ ಮಾತ್ರ ಅದು ‘ಹಿರೇಕಲ್ಲು’. ಹಿಂದೆ ಯಾವನೋ ಗುಮಾಸ್ತ ಹಳ್ಳಿಯವರಿಗೆ ಉಚ್ಚಾರ ಬರುವುದಿಲ್ಲವೆಂದುಕೊಂಡು ತಿದ್ದಿಬಿಟ್ಟಿದ್ದಾನೆ. ಪಕ್ಕದ ಗುಡ್ಡ ಇದಕ್ಕಿಂತ ಎತ್ತರವಾಗಿದೆ ಎಂಬುದು ಅವನ ಕಣ್ಣಿಗೆ ಬೀಳಲಿಲ್ಲ, ಪುಣ್ಯಾತ್ಮ ಊರಿಗೆ ಬಂದೇ ಇರಲಿಲ್ಲವೆಂದು ಕಾಣುತ್ತದೆ. ಇನ್ನು ಕೆಲವರು ಇಲ್ಲಿ ಇರುವೆ ಹೆಚ್ಚು, ಅದಕ್ಕೇ ಆ ಹೆಸರು ಎನ್ನುತ್ತಾರೆ. ಇರುವೆ ಎಲ್ಲಿಲ್ಲ? ಹೆಸರಿನ ಮೂಲ ಬೇಕಾದವರು ಗುಡ್ಡದ ಮೂಡಣ ಮಗ್ಗುಲಿಗೆ ಹತ್ತಿ, ಅಲ್ಲಿನ ದೊಡ್ಡ ಬಂಡೆಯ ಮೇಲಿರುವ ನಲವತ್ತು ಸಾಲಿನ ಶಾಸನವನ್ನು ನೋಡಬೇಕು.

ಹಿಂದೆ ಒಮ್ಮೆ ಈ ಸೀಮೆಯನ್ನು ಬೆಳ್ಮುಡಿಯ ಅರಸರು ಆಳುತ್ತಿದ್ದರು. ಆರು ತಲೆಮಾರಿನ ವಂಶ. ಆರನೆಯವನೇ ಕಡೆಯವನಾದ ಚಟ್ಟರಸ. ಕೆಟ್ಟ ಅರಸನೇನಲ್ಲ. ಆದರೆ ನೆರೆಯ ದೊಡ್ಡ ಅರಸರು ತನ್ನ ಮನೆತನವನ್ನು ಮೊನ್ನೆ ಮೊನ್ನೆ ಎದ್ದುಬಂದದ್ದೆಂದು ಆಡಿಕೊಳ್ಳುತ್ತಾರೆ ಎಂಬ ಕೊರಗು ಅವನನ್ನು ಒಳಗೇ ತಿನ್ನುತ್ತಿತ್ತು. ಒಂದು ಸಲ ಬಡಗಣ ಅರಸನ ದಂಡಿಗೆ ಸೋತು ಹಿಂದೆ ಸರಿಯುವಾಗ, ಹೊಳೆ ದಾಟುವ ಹಾಯ್ಗಡದಲ್ಲಿ ಕಲ್ಲೆಯನೆಂಬ ಕಾಲಾಳು ಒಬ್ಬನೇ ನಿಂತು ದಾರಿ ಕಟ್ಟಿದ. ಅರಸನ ಕುದುರೆ ಆಚೆ ದಡ ಮುಟ್ಟಿತು, ಕಲ್ಲೆಯ ಸತ್ತು ನೀರಿಗೆ ಬಿದ್ದ. ಅರಸ ಅವನ ಹೆಂಡತಿ ಚಾಕವ್ವೆಯನ್ನೂ ಮೂವರು ಹೆಣ್ಣುಮಕ್ಕಳನ್ನೂ ಕರೆಸಿ, ಈ ಗುಡ್ಡದ ಕೆಳಗಿನ ಹೊಲವನ್ನು ನೆತ್ತರುಗೊಡಗಿಯಾಗಿ, ಅಂದರೆ ಸುರಿಸಿದ ನೆತ್ತರಿಗೆ ಪ್ರತಿಯಾಗಿ, ಮಕ್ಕಳ ಮಕ್ಕಳ ಕಾಲಕ್ಕೂ ಉಂಡುಕೊಂಡಿರಿ ಎಂದು ಕೊಟ್ಟ. ಬಾಯಿಮಾತಿನ ದಾನ ನಿಲ್ಲುವುದಿಲ್ಲವಲ್ಲ. ಹೊಲದೆದುರಿನ ಬಂಡೆಯ ಮೇಲೆ ಕೆತ್ತಿಸಬೇಕೆಂದು ಅಪ್ಪಣೆಯಾಯಿತು. ಆ ಕೆಲಸ ರೂವಾರಿ ಸಿಂಗೋಜನ ಪಾಲಿಗೆ ಬಂತು.

ಸಿಂಗೋಜನ ಕೈಗೆ ಸಮನಾದ ಕೈ ಆ ನಾಡಿನಲ್ಲಿರಲಿಲ್ಲ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಅರಮನೆಯಿಂದ ಬಂದ ಓಲೆಯನ್ನು ಅವನು ಬಿಡಿಸಿ ನೋಡಿದಾಗ ಅದರಲ್ಲಿ ನಲವತ್ತೆರಡು ಸಾಲುಗಳಿದ್ದವು. ಮೊದಲು ದೇವರ ಸ್ತುತಿ, ಆಮೇಲೆ ಚಂದ್ರನಿಂದ ಬೆಳ್ಮುಡಿಯ ವಂಶ ಇಳಿದುಬಂದ ಬಗೆ, ಆಮೇಲೆ ಒಬ್ಬೊಬ್ಬ ಅರಸನ ಬಿರುದು, ಗೆಲುವು, ದಾನ. ಕಟ್ಟಕಡೆಗೆ ಚಟ್ಟರಸನು ‘ಸುಖದಿಂ ರಾಜ್ಯಂ ಗೆಯ್ಯುತ್ತಿರೆ’, ಅಂದರೆ ಸುಖವಾಗಿ ಆಳುತ್ತಿರುವಾಗ, ಎಂದು ಬಂದು, ಅದರ ಮುಂದಿನ ಎರಡೇ ಎರಡು ಸಾಲಿನಲ್ಲಿ ಕಲ್ಲೆಯ, ಚಾಕವ್ವೆ ಮತ್ತು ಹೊಲ. ಶಾಸನವೆಂದರೆ ಹಾಗೇ ಇರಬೇಕು. ಯಾರ ಆಳ್ವಿಕೆ ಎಂಬುದು ಮೊದಲು, ಕೊಟ್ಟದ್ದೇನು ಎಂಬುದು ಆಮೇಲೆ. ಆಸ್ಥಾನದ ಕವಿ ತನ್ನ ಕೆಲಸ ಮಾಡಿದ್ದ. ಅರಸನ ಕೊರಗಿಗೆ ಅವನು ನಲವತ್ತು ಸಾಲಿನ ಮದ್ದು ಅರೆದಿದ್ದ ಎನ್ನೋಣ.

ಶ್ರಾವಣದಲ್ಲಿ ಉಳಿಯ ಸದ್ದು ಶುರುವಾಯಿತು. ಆ ಬಂಡೆ ಉಕ್ಕಿನಂಥದ್ದು, ಒಂದು ಸಾಲಿಗೆ ಮೂರು ದಿನ ಹಿಡಿಯುತ್ತಿತ್ತು. ಚಾಕವ್ವೆ ಕೆಳಗೆ ಮಕ್ಕಳೊಂದಿಗೆ ಜೋಳ ಬಿತ್ತಿದ್ದಳು. ದಿನವೂ ಬಿಸಿಲೇರುವ ಹೊತ್ತಿಗೆ ಒಂದು ಗಡಿಗೆ ಅಂಬಲಿ ಹೊತ್ತು ಗುಡ್ಡ ಹತ್ತುತ್ತಿದ್ದಳು. ಅಕ್ಷರ ಬಾರದ ಹೆಣ್ಣು. ಬಂಡೆಯನ್ನು ಮೇಲಿಂದ ಕೆಳಗೆ ನೋಡಿ, ನಮ್ಮೋನ ಹೆಸರು ಬಂತೇನಣ್ಣ ಎಂದು ಕೇಳುತ್ತಿದ್ದಳು. ಇನ್ನೂ ಅರಸರ ಮುತ್ತಾತನೇ ನಡೀತಿದ್ದಾನೆ ಕಣವ್ವ ಎಂದು ಸಿಂಗೋಜ ನಗುತ್ತಿದ್ದ. ತಿಂಗಳು ಕಳೆದ ಮೇಲೆ ಮುತ್ತಾತ ಹೋಗಿ ತಾತ ಬಂದ. ಒಂದು ದಿನ ಅವಳು, ಕೆಳಗಿನ ಎರಡು ಸಾಲನ್ನು ಮೊದಲು ಕೆತ್ತಿ, ಅರಸರನ್ನು ಆಮೇಲೆ ನಿಧಾನವಾಗಿ ತುಂಬಿಸಬಾರದೇ ಎಂದಳು. ಬುದ್ಧಿವಂತೆಯ ಮಾತು. ಸಿಂಗೋಜನಿಗೆ ಮಾತ್ರ ಅದು ಮಗು ಆಡುವ ಮಾತಿನಂತೆ ಕೇಳಿಸಿತು. ಅರಸನಿಗಿಂತ ಮೊದಲು ಆಳಿನ ಹೆಸರು ಕೆತ್ತಿದರೆ ನನ್ನ ತಲೆ ಉಳಿಯುವುದಿಲ್ಲ, ಎಲ್ಲದಕ್ಕೂ ಒಂದು ಕ್ರಮವಿದೆ ಎಂದು ಅವಳನ್ನು ಸಮಾಧಾನಪಡಿಸಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಚಿಂತೆಯಿರಲಿಲ್ಲ. ತಾತನ ಬಿರುದೊಂದರಲ್ಲಿ ಒಂದು ಅಕ್ಷರ ಮನಸ್ಸಿಗೆ ಹಿಡಿಸಿ, ಅದರ ಬಾಲವನ್ನು ಹಂಸದ ಕೊರಳಿನಂತೆ ಬಾಗಿಸುತ್ತ ಆರು ದಿನ ಕಳೆದ. ಆರು ದಿನ! ಎರಡು ಸಾಲಿನ ಕಾಲ ಅದು. ಈ ಕಥೆ ಹೇಳುವ ಯಾರಿಗೂ ಆ ಹಂಸದ ಬಳಿ ಬಂದಾಗ ಹೊಟ್ಟೆ ಉರಿಯದೆ ಇರುವುದಿಲ್ಲ.

ಮಾರ್ಗಶಿರದ ಒಂದು ಮಧ್ಯಾಹ್ನ ಸಿಂಗೋಜ ‘ಗೆಯ್ಯುತ್ತಿರೆ’ ಎಂಬಲ್ಲಿಗೆ ಬಂದು ಉಳಿ ಒರೆಸಿಕೊಂಡ. ಚಾಕವ್ವೆ ಎದುರಿಗೇ ಕೂತಿದ್ದಳು. ನಾಳೆ ನಿನ್ನ ಗಂಡನ ಹೆಸರೇ ಎಂದು ಆಗ ತಾನೇ ಹೇಳಿದ್ದ. ಅಷ್ಟರಲ್ಲಿ ಕೆಳಗಿನ ದಾರಿಯಲ್ಲಿ ಒಬ್ಬ ಸೈನಿಕ ಓಡುತ್ತ ಬಂದು ನೀರು ಕೇಳಿದ. ಮೈಯೆಲ್ಲ ಗಾಯ. ಬಡಗಣವರು ಮತ್ತೆ ಬಂದರು, ಬೆಳ್ಮುಡಿ ಬಿತ್ತು, ಚಟ್ಟರಸ ತೀರಿಕೊಂಡು ಇಂದಿಗೆ ಮೂರು ದಿನ, ಹಿಂದೆ ಮಕ್ಕಳಿಲ್ಲ ಎಂದು ಹೇಳಿ, ನೀರು ಕುಡಿದು, ನಿಲ್ಲದೆ ಹೊರಟುಹೋದ. ಸಿಂಗೋಜ ಸಾಲನ್ನು ನೋಡಿದ. ಅರಸ ಆಳುತ್ತಿರುವಾಗ ಎಂದು ಅವನು ಕೆತ್ತುತ್ತಿದ್ದಾಗ ಅರಸನ ಚಿತೆ ಆರಿ ತಣ್ಣಗಾಗಿತ್ತು. ಅವನು ಉಳಿ, ಸುತ್ತಿಗೆಗಳನ್ನು ಬಟ್ಟೆಯಲ್ಲಿ ಸುತ್ತತೊಡಗಿದ. ಚಾಕವ್ವೆಗೆ ಏನಾಗುತ್ತಿದೆಯೆಂದು ತಿಳಿಯಲು ಅಕ್ಷರ ಬೇಕಾಗಿರಲಿಲ್ಲ.

“ಇನ್ನೆರಡೇ ಸಾಲು ಅಲ್ವೇನಣ್ಣ,” ಎಂದಳು. “ಅರಸ ಸತ್ತಿದ್ದು ಕಲ್ಲಿಗೇನು ಗೊತ್ತು?”

“ನನಗೆ ಗೊತ್ತಾಯ್ತಲ್ಲವ್ವ. ಇಲ್ಲದ ಅರಸನ್ನ ಇದ್ದಾನೆ ಅಂತ ಕೆತ್ತಿದರೆ ನನ್ನ ಕುಲದೋರ ಕೈಗೆ ಮುಂದೆ ಉಳಿ ಹತ್ತಲ್ಲ.”

“ಅವರೆಲ್ಲ ಚಂದ್ರನ ಹೊಟ್ಟೇಲಿ ಹುಟ್ಟಿದ್ರು ಅಂತ ಕೆತ್ತಿದೆ. ಅದು ನಿಜವಾ?”

“ಅದು ಕವಿ ಹೇಳಿದ್ದು. ಇದು ನಾನೇ ತಿಳಿದದ್ದು.”

ಸಿಂಗೋಜ ಕೆಟ್ಟವನಲ್ಲ, ಹೆದರುಪುಕ್ಕಲನೂ ಅಲ್ಲ. ಸುಳ್ಳು ಕೆತ್ತುವುದಿಲ್ಲವೆಂಬ ಒಂದು ನೇಮವನ್ನು ಅಪ್ಪ ಕಲಿಸಿದ್ದ, ಅದನ್ನು ಹಿಡಿದು ಮನೆಗೆ ಹೋದ. ಆದರೆ ನಾಲ್ಕು ದಿನ ಹೊಸ್ತಿಲಲ್ಲಿ ಕೂತು, ಕೆಳಗಿನ ಹೊಲದಲ್ಲಿ ಹಕ್ಕಿ ಓಡಿಸುತ್ತಿದ್ದ ಆ ಮೂರು ಹೆಣ್ಣುಮಕ್ಕಳ ಕೂಗು ಕೇಳಿದ. ಜೋಳ ತೆನೆಕಟ್ಟಿ ಬಾಗಿತ್ತು. ಐದನೆಯ ಬೆಳಗ್ಗೆ, ಪಾಪ ಬಂದರೆ ನನಗೇ ಬರಲಿ ಎಂದುಕೊಂಡು, ಉಳಿಗಳ ಗಂಟು ಎತ್ತಿಕೊಂಡು ಗುಡ್ಡದ ಕಡೆ ನಡೆದ. ಬುಡದಲ್ಲಿ ಕುದುರೆಗಳನ್ನು ಕಟ್ಟಿದ್ದರು.

ಬಡಗಣ ಅರಸನ ದಂಡನಾಯಕ ಮೇಲೆ ಬಂಡೆಯ ಮುಂದೆ ನಿಂತಿದ್ದ, ಊರಿನವರನ್ನು ಆಗಲೇ ಕರೆಸಿಕೊಂಡಿದ್ದ. ಹಳೆಯ ಅರಸರು ಕಲ್ಲಿನಲ್ಲಿ ಬರೆಸಿ ಕೊಟ್ಟದ್ದನ್ನು ನಮ್ಮ ಅರಸರು ಮುಟ್ಟುವುದಿಲ್ಲ, ಕೊಟ್ಟವನು ಸತ್ತರೂ ಕೊಟ್ಟದ್ದು ಸಾಯುವುದಿಲ್ಲ. ಕಲ್ಲಿನಲ್ಲಿ ಇಲ್ಲದ ನೆಲವೆಲ್ಲ ಅರಮನೆಗೆ ಎಂದು ಸಾರಿದ. ಚಾಕವ್ವೆಯ ಮುಖ ಅರಳಿತು. ಮಕ್ಕಳನ್ನು ಮುಂದೆ ಮಾಡಿಕೊಂಡು ಬಂಡೆ ತೋರಿಸಿದಳು. ದಂಡನಾಯಕನೊಂದಿಗೆ ಬಂದಿದ್ದ ಪಂಡಿತ ಗಟ್ಟಿಯಾಗಿ ಓದಿದ. ಚಂದ್ರ ಬಂದ, ಮುತ್ತಾತ ಬಂದ, ಹಂಸದ ಅಕ್ಷರದ ಬಳಿ ಪಂಡಿತ ಒಂದು ಗಳಿಗೆ ನಿಂತು ಭೇಷ್ ಎಂದ. ಕಡೆಗೆ ‘ಚಟ್ಟರಸರ್ ಸುಖದಿಂ ರಾಜ್ಯಂ ಗೆಯ್ಯುತ್ತಿರೆ’ ಎಂದು ಓದಿ ಸುಮ್ಮನಾದ. ಆಳುತ್ತಿರುವಾಗ ಏನಾಯಿತು ಎಂದು ದಂಡನಾಯಕ ಕೇಳಿದ. ಸಿಂಗೋಜ ಮುಂದೆ ಬಂದು, ಉಳಿದ ಎರಡು ಸಾಲು ಇದರಲ್ಲಿದೆ ಎಂದು ಓಲೆಯನ್ನು ಹಿಡಿದ. ಓಲೆಯನ್ನು ಇವತ್ತೇ ಕೊರೆದುಕೊಂಡು ಬರಬಹುದು ಎಂದು ಅದನ್ನು ಪಕ್ಕಕ್ಕೆ ಸರಿಸಿ, ದಂಡನಾಯಕ ಕೋಪವಿಲ್ಲದೆಯೇ ಕೇಳಿದ: “ಕಲ್ಲಿನಲ್ಲಿ ಏಕೆ ಕೆತ್ತಲಿಲ್ಲ?”

“ಅರಸರು ತೀರಿಕೊಂಡಿದ್ದರು, ಒಡೆಯ.”

“ಅದನ್ನು ಯಾರು ಕೇಳುತ್ತಿದ್ದರು?”

ಅಷ್ಟೇ. ಹೊಲ ಒಬ್ಬ ಕುದುರೆಯಾಳಿನ ಪಾಲಾಯಿತು. ಚಾಕವ್ವೆ ಬೈದಿದ್ದರೆ ಸಿಂಗೋಜ ಬದುಕಿಕೊಳ್ಳುತ್ತಿದ್ದನೇನೋ. ಎಂಟು ದಿನದ ಮೇಲೆ ಹೊಸ ಒಡೆಯ ಕೊಯ್ಲಿಗೆ ಆಳು ಕರೆದಾಗ, ಬೇರೆ ದಿಕ್ಕಿಲ್ಲದೆ, ತಾನು ಬಿತ್ತಿದ ಜೋಳವನ್ನು ತಾನೇ ಕೂಲಿಗೆ ಕೊಯ್ಯಲು ಮಕ್ಕಳ ಜೊತೆ ಬಂದಳು. ಕೊಯ್ಯುವ ಮೊದಲು ಗುಡ್ಡ ಹತ್ತಿ, ತನ್ನ ಗಂಡನ ಹೆಸರಿಗೆಂದು ಸಿಂಗೋಜ ಉಜ್ಜಿ ನುಣುಪು ಮಾಡಿಟ್ಟಿದ್ದ ಜಾಗದ ಮೇಲೆ ಕುಡುಗೋಲು ಮಸೆದುಕೊಂಡು ಇಳಿದಳು. ಕೊಯ್ಲು ಮುಗಿದ ಮೇಲೆ ಆ ನಾಲ್ವರು ತೆಂಕಣದ ದಾರಿ ಹಿಡಿದರು. ಎಲ್ಲಿ ಸೇರಿದರೋ ಬಲ್ಲವರಿಲ್ಲ. ಸಿಂಗೋಜ ಮತ್ತೆ ಉಳಿ ಹಿಡಿಯಲಿಲ್ಲ. ಅವನ ಕುಲದ ಕೈಗೆ ಉಳಿ ಹತ್ತದೇ ಹೋದದ್ದು ಹೀಗೆ, ಸುಳ್ಳು ಕೆತ್ತದೆಯೇ, ಎನ್ನುತ್ತಾರೆ. ‘ಇರೆ’ ಎಂಬಲ್ಲಿಗೆ ನಿಂತ ಕಲ್ಲನ್ನು ಜನ ಇರೆಗಲ್ಲು ಎಂದು ಕರೆದರು, ಆ ಹೆಸರೇ ಗುಡ್ಡಕ್ಕೂ ಅಂಟಿತು.

ಈಗ ಗುಡ್ಡ ಹತ್ತಿದವರಿಗೆ ನಲವತ್ತು ಸಾಲುಗಳೂ ನಿಚ್ಚಳವಾಗಿ ಕಾಣುತ್ತವೆ, ಗಾಳಿಮಳೆಗೆ ಒಂದಕ್ಷರವೂ ಸವೆದಿಲ್ಲ. ಅವುಗಳ ಕೆಳಗೆ ಎರಡು ಸಾಲಿನಷ್ಟು ಜಾಗ ಮಾತ್ರ ತಗ್ಗು ಬಿದ್ದು, ಕೈಯಾಡಿಸಿದರೆ ಗಾಜಿನಂತೆ ಜಾರುತ್ತದೆ. ಸುಗ್ಗಿಯ ಬೆಳಗ್ಗೆ ಹೋದರೆ ಹೆಂಗಸರು ಅಲ್ಲಿ ಸಾಲಾಗಿ ಕೂತು ಕುಡುಗೋಲು ಮಸೆಯುತ್ತಿರುತ್ತಾರೆ. ಕೆಳಗಿನ ಹೊಲ ಯಾರದು ಎಂದು ಕೇಳಿದರೆ, ನಮ್ಮದಲ್ಲ, ನಾವು ಕೂಲಿಗೆ ಬಂದವರು ಎನ್ನುತ್ತಾರೆ.