ನೇಕಾರನ ಹೆಂಡತಿ ಹೇಳದ ಆಮೆನ್

“ವಿಶ್ವಾಸಿಯಾದವನು ಯಾರಿಗೆ ಮತ ಹಾಕಬೇಕು?” ಎಂದು ನೆಹೆಮೀಯ ಕೇಳಿದ.

ಮುದಿ ಉಪದೇಶಿ ತಿಮೊಥೆಯಪ್ಪನವರು ಜಗಲಿಯಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಈಗ ಯಾಕೆ ಬಂತು ಆ ಮಾತು?” ಎಂದರು.

ನೆಹೆಮೀಯ ಹೇಳಿದ. ಅವನು ಇದೇ ಮುದುಕರ ಬಳಿ ಸತ್ಯವೇದ ಕಲಿತವನು. ಈಗ ಪಕ್ಕದ ಊರಿನ ಕ್ರೈಸ್ತ ಸಭೆಗೆ ಹೊಸ ಉಪದೇಶಿಯಾಗಿ ಹೋಗಿದ್ದ. ಅಲ್ಲಿ ಚುನಾವಣೆ ಹತ್ತಿರ ಬಂದಿತ್ತು. ಸಭೆಯ ಹಿರಿಯರು ಅವನನ್ನು ಕರೆಸಿದ್ದರು. ಭಾನುವಾರ ಚರ್ಚಿನಲ್ಲಿ ಪ್ರಸಂಗ ಮುಗಿದ ಮೇಲೆ ಒಬ್ಬ ಅಭ್ಯರ್ಥಿಯ ಹೆಸರೆತ್ತಿ, ಅವನ ಗೆಲುವಿಗಾಗಿ ಪ್ರಾರ್ಥಿಸಬೇಕು ಎಂದಿದ್ದರು. ಹೆಸರನ್ನೂ ಅವರೇ ಕೊಟ್ಟಿದ್ದರು. ಪ್ರಾರ್ಥಿಸದಿದ್ದರೆ ಬೇರೆ ಸಭೆ ನೋಡಿಕೊಳ್ಳಬಹುದು ಎಂದೂ ಹೇಳಿದ್ದರು.

“ಆ ಮನುಷ್ಯ ಒಳ್ಳೆಯವನೋ?”

“ಗೊತ್ತಿಲ್ಲ.”

“ಕೆಟ್ಟವನೋ?”

“ಅದೂ ಗೊತ್ತಿಲ್ಲ. ನಮ್ಮವನು ಎನ್ನುತ್ತಾರೆ.”

ತಿಮೊಥೆಯಪ್ಪನವರು ಮೊರವನ್ನು ಅವನ ಕಡೆಗೆ ಸರಿಸಿದರು.

“ಕುಳಿತುಕೋ. ಬೀಜ ಬಿಡಿಸು. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ.”

ಒಬ್ಬ ನೇಕಾರನಿದ್ದ. ಮನೆಯಲ್ಲಿ ಅವನು, ಅವನ ಹೆಂಡತಿ, ಅವನ ಮುದಿ ತಾಯಿ. ಅವರ ಓಣಿಯಲ್ಲಿ ಎಲ್ಲರೂ ನೇಕಾರರು, ಎಲ್ಲರೂ ಒಂದೇ ಸಭೆಯವರು. ಸಂಜೆ ಚರ್ಚಿನ ಗಂಟೆ ಕೇಳಿದರೆ ಮಗ್ಗಗಳು ನಿಲ್ಲುತ್ತಿದ್ದವು. ಮನೆಮನೆಯಲ್ಲೂ ಪ್ರಾರ್ಥನೆ. ಯಜಮಾನ ಪ್ರಾರ್ಥಿಸುವನು. ಉಳಿದವರು ಕಣ್ಣು ಮುಚ್ಚಿ ಕೇಳುವರು. ಕೊನೆಗೆ ಎಲ್ಲರೂ ಆಮೆನ್ ಎನ್ನುವರು. ಆಮೇಲೆ ಊಟ.

ನೇಕಾರನ ಮನೆಯಲ್ಲಿ ಇನ್ನೂ ಒಂದು ಕಟ್ಟುಪಾಡು ಇತ್ತು. ಒಬ್ಬರು ಆಮೆನ್ ಎನ್ನದಿದ್ದರೂ ಸಾರಿನ ಗಡಿಗೆಯ ಮುಚ್ಚಳ ತೆಗೆಯುವಂತಿಲ್ಲ. ಆ ಕಟ್ಟು ಮಾಡಿದವನು ನೇಕಾರನ ಅಜ್ಜ. ಮಕ್ಕಳು ಪ್ರಾರ್ಥನೆಯ ಹೊತ್ತಿಗೆ ತೂಕಡಿಸುತ್ತಿದ್ದವು. ಅವನ್ನು ಎಚ್ಚರವಾಗಿಡಲು ಮಾಡಿದ. ಅಜ್ಜ ಸತ್ತ. ಆ ಮಕ್ಕಳೂ ಮುದುಕರಾದರು. ಕಟ್ಟು ಮಾತ್ರ ಹಾಗೇ ಉಳಿಯಿತು.

ನೇಕಾರ ಮನಸ್ಸಿಟ್ಟು ಪ್ರಾರ್ಥಿಸುವವನು. ಮಗ್ಗಕ್ಕಾಗಿ ಬೇಡುತ್ತಿದ್ದ. ತಾಯಿಯ ಮೊಣಕಾಲು ನೋವಿಗಾಗಿ ಬೇಡುತ್ತಿದ್ದ. ಆ ವರ್ಷ ಇನ್ನೊಂದು ಮಾತು ಸೇರಿಸಿಕೊಂಡಿದ್ದ. ಪಕ್ಕದ ಓಣಿಯವರಿಗೆ ನೀರಿರಲಿಲ್ಲ. ಅವರು ಬೇರೆ ಧರ್ಮದವರು. ಅಲ್ಲಿಯ ಹೆಂಗಸರು ಕೊಡ ಹೊತ್ತು ಇವರ ಓಣಿಯ ನಲ್ಲಿಗೆ ಬರುತ್ತಿದ್ದರು. “ಕರ್ತನೇ, ಪಕ್ಕದ ಓಣಿಗೂ ನೀರು ಕೊಡು” ಎಂದು ನೇಕಾರ ದಿನವೂ ಬೇಡುತ್ತಿದ್ದ. ಹೆಂಡತಿ ಆಮೆನ್ ಎನ್ನುತ್ತಿದ್ದಳು.

ಮರುದಿನ ಬೆಳಿಗ್ಗೆ ನಲ್ಲಿಯಲ್ಲಿ ಅವಳು ತನ್ನ ಕೊಡ ಹಿಂದಿಟ್ಟು ಆ ಹೆಂಗಸರಿಗೆ ಮೊದಲು ಬಿಡುತ್ತಿದ್ದಳು. “ದಾನಶೂರೆ ಬಂದಳು ನೋಡಿ” ಎಂದು ಅತ್ತೆ ಗೊಣಗುತ್ತಿದ್ದಳು. ಸೊಸೆ ನಗುತ್ತಿದ್ದಳು. ಬಿಡುವುದನ್ನು ಬಿಡಲಿಲ್ಲ.

ಆಗ ನಗರಸಭೆಯ ಚುನಾವಣೆ ಬಂತು. ಆ ವಾರ್ಡಿನಲ್ಲಿ ಇಬ್ಬರು ನಿಂತರು. ಒಬ್ಬ ಬಣ್ಣದ ವ್ಯಾಪಾರಿ. ನೂಲಿಗೆ ಬಣ್ಣ ಹಾಕಿಸುತ್ತಿದ್ದ. ಅವನು ಇವರ ಸಭೆಯವನು. ಇನ್ನೊಬ್ಬಳು ಪಕ್ಕದ ಓಣಿಯ ಬಳೆಗಾರ್ತಿ.

ವ್ಯಾಪಾರಿ ಹೇಳಿದ, ಗೆದ್ದರೆ ಸಭೆಯ ಸಮಾಧಿ ಭೂಮಿಗೆ ಗೋಡೆ ಕಟ್ಟಿಸುತ್ತೇನೆ. ಅದು ಸಣ್ಣ ಮಾತಲ್ಲ. ಅಲ್ಲಿ ಗೋಡೆ ಇರಲಿಲ್ಲ. ಹಂದಿಗಳು ನುಗ್ಗಿ ಮಣ್ಣು ಕೆದರುತ್ತಿದ್ದವು. ನೇಕಾರನ ತಂದೆಯನ್ನು ಅಲ್ಲಿ ಹೂಳಿದ್ದರು. ನೇಕಾರನ ಒಂದೇ ಒಂದು ಮಗುವನ್ನೂ ಅಲ್ಲೇ ಹೂಳಿದ್ದರು.

ಬಳೆಗಾರ್ತಿ ಹೇಳಿದಳು, ಗೆದ್ದರೆ ನನ್ನ ಓಣಿಗೆ ನಲ್ಲಿ ತರುತ್ತೇನೆ. ನಿಜ ಹೇಳಬೇಕೆಂದರೆ ಆ ಓಣಿಗೆ ಒಂದು ಪೈಪು ಬಂದಿತ್ತು. ವ್ಯಾಪಾರಿ ನೂಲಿಗೆ ಬಣ್ಣ ಹಾಕಿಸುವ ಮನೆಯ ಹಿಂದೆ ಹಾದು ಹೋಗುತ್ತಿತ್ತು. ಅವನು ಅದನ್ನು ತನ್ನ ತೊಟ್ಟಿಗೆ ತಿರುಗಿಸಿಕೊಂಡಿದ್ದ. ಎಲ್ಲರಿಗೂ ಗೊತ್ತಿತ್ತು. ಯಾರೂ ಆಡುತ್ತಿರಲಿಲ್ಲ.

ಸಭೆಯ ಹಿರಿಯರು ಮನೆಮನೆಗೆ ಬಂದರು. ನೇಕಾರನ ಮನೆಗೂ ಬಂದರು.

“ನಿನ್ನ ಮನೆಯ ಮತ?” ಎಂದು ಕೇಳಿದರು.

“ಮೂರೂ ನಮ್ಮವನಿಗೇ” ಎಂದು ನೇಕಾರ ಮಾತು ಕೊಟ್ಟ.

ಒಳಗೆ ಹೆಂಡತಿ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವ ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯಿತು.

ನೇಕಾರನಿಗೆ ಆ ಸದ್ದು ನಿಂತದ್ದು ಕೇಳಿಸಿತ್ತು. ಹೆಂಡತಿಯೊಡನೆ ವಾದ ಮಾಡಲು ಅವನಿಗೆ ಇಷ್ಟವಿರಲಿಲ್ಲ. ಒಂದು ಉಪಾಯ ಹೊಳೆಯಿತು. ಆಮೆನ್ ಎಂದರೆ ಹಾಗೇ ಆಗಲಿ ಎಂದು. ದೇವರ ಮುಂದೆ ಒಮ್ಮೆ ಅಂದ ಮೇಲೆ ಅವಳು ಮುರಿಯುವವಳಲ್ಲ. ಅವಳನ್ನು ಕೇಳುವುದಕ್ಕಿಂತ ದೇವರನ್ನು ಕೇಳುವುದು ಸುಲಭ ಎನಿಸಿತು.

ಆ ಸಂಜೆ ಮಗ್ಗಕ್ಕಾಗಿ ಪ್ರಾರ್ಥಿಸಿದ. ಮೊಣಕಾಲಿಗಾಗಿ ಪ್ರಾರ್ಥಿಸಿದ. ಪಕ್ಕದ ಓಣಿಯ ನೀರಿನ ಮಾತು ಬಿಟ್ಟ. ಅದರ ಜಾಗದಲ್ಲಿ, “ಕರ್ತನೇ, ನಮ್ಮ ವ್ಯಾಪಾರಿಯನ್ನು ಗೆಲ್ಲಿಸು. ಈ ಮನೆಯ ಮೂರು ಮತಗಳೂ ಅವನಿಗೇ ಬೀಳಲಿ” ಎಂದ.

“ಆಮೆನ್” ಎಂದಳು ತಾಯಿ. ಅವಳಿಗೆ ಹಸಿವಾಗಿತ್ತು.

ಹೆಂಡತಿ ಏನೂ ಅನ್ನಲಿಲ್ಲ.

ನೇಕಾರ ಒಂದು ಕಣ್ಣು ತೆರೆದು ನೋಡಿದ.

“ನಿದ್ದೆ ಬಂತೇನೇ?”

“ಇಲ್ಲ. ನೀವು ಹೇಳಿದ್ದು ಚೆನ್ನಾಗಿ ಕೇಳಿಸಿತು. ಅದಕ್ಕೇ ಸುಮ್ಮನಿದ್ದೇನೆ.”

ಅಂದು ಯಾರೂ ಉಣ್ಣಲಿಲ್ಲ. ಅಜ್ಜನ ಕಟ್ಟು ಮುರಿಯಲು ಮೂವರಿಗೂ ಧೈರ್ಯವಿರಲಿಲ್ಲ. ಬೆಳಿಗ್ಗೆ ತಂಗಳು ರೊಟ್ಟಿ ತಿಂದರು. ಬೆಳಗಿನ ಹೊತ್ತಿಗೆ ಕಟ್ಟು ಇರಲಿಲ್ಲ.

ಮರುದಿನ ಸಂಜೆ ನೇಕಾರ ಅದೇ ಪ್ರಾರ್ಥನೆ ಮಾಡಿದ. ಸ್ವಲ್ಪ ಗಟ್ಟಿಯಾಗಿ ಮಾಡಿದ. ಹೆಂಡತಿ ಅಂದೂ ಬಾಯಿ ಬಿಡಲಿಲ್ಲ.

“ಕರ್ತನಿಗೆ ನಿನ್ನೆಯೇ ಕೇಳಿಸಿರುತ್ತದೆ ಕಣೋ” ಎಂದಳು ತಾಯಿ. “ನಿಮ್ಮಿಬ್ಬರ ಓಟಿಗೆ ನನ್ನ ಹೊಟ್ಟೆ ಯಾಕೆ ಒಣಗಬೇಕು?”

ಸುದ್ದಿ ಓಣಿಗೆ ಹಬ್ಬಿತು. ತಾಯಿಯೇ ಹಬ್ಬಿಸಿರಬೇಕು. ಸಭೆಯ ಹಿರಿಯನೊಬ್ಬ ದಾರಿಯಲ್ಲಿ ನೇಕಾರನನ್ನು ತಡೆದ.

“ಏನಪ್ಪಾ, ಉಪವಾಸದ ದಿನಗಳು ಈಸ್ಟರಿಗೆ ಮುಂಚೆ ಬರುತ್ತವೆ ಅಂತ ತಿಳಿದಿದ್ದೆ. ನಿನ್ನ ಮನೆಯಲ್ಲಿ ಈಗಲೇ ಶುರುವಾಯಿತಂತೆ? ಒಬ್ಬ ಹೆಂಗಸಿನ ಬಾಯಲ್ಲಿ ಒಂದು ಆಮೆನ್ ಬರಿಸಲು ಆಗಲಿಲ್ಲವೇ ನಿನಗೆ?”

ನೇಕಾರನಿಗೆ ಸಿಟ್ಟು ಬಂತು. ಮನೆಗೆ ಬಂದು ಮಗ್ಗದಲ್ಲಿ ಕುಳಿತ. ಲಾಳಿ ಎಸೆಯುತ್ತ ಹೆಂಡತಿಯನ್ನು ಮನಸ್ಸಿನಲ್ಲೇ ಬೈದ. ಎಂದೂ ಎದುರಾಡದವಳು. ಮದುವೆಯಾದ ದಿನದಿಂದ ಪ್ರತಿ ಸಂಜೆ ಆಮೆನ್ ಎಂದವಳು. ಈ ಒಂದನ್ನು ಯಾಕೆ ಹಿಡಿದಿಟ್ಟುಕೊಂಡಳು?

ಅಲ್ಲಿಂದ ಅವನ ಯೋಚನೆ ಬೇರೆ ಕಡೆ ತಿರುಗಿತು. ಈ ಒಂದನ್ನು ಹಿಡಿದಿಡಬಲ್ಲವಳು ಬೇರೆಯವನ್ನೂ ಹಿಡಿದಿಡಬಹುದಿತ್ತು. ಹಾಗಾದರೆ ಇಷ್ಟು ವರ್ಷ ಅಂದದ್ದೆಲ್ಲ ಏನು? ಬಾಯಿಂದ ಅಂದಳೋ, ಮನಸ್ಸಿಂದ ಅಂದಳೋ? ಹಸಿವಿಗೆ ಅಂದಳೋ? ತಾನು ಎಂದೂ ಕೇಳಿರಲಿಲ್ಲ. ಕೇಳಬೇಕೆಂದು ತೋಚಿರಲೇ ಇಲ್ಲ.

ಅವನಿಗೆ ಮಗು ಸತ್ತ ದಿನ ನೆನಪಾಯಿತು. ಮಗುವಿನ ಪಕ್ಕದಲ್ಲಿ ಕುಳಿತು ಅವನು, “ನಿನ್ನ ಚಿತ್ತವೇ ಆಗಲಿ” ಎಂದು ಪ್ರಾರ್ಥಿಸಿದ್ದ. ಅಂದು ಅವಳು ಆಮೆನ್ ಅಂದಿದ್ದಳೇ? ಅಂದಿದ್ದರೆ ಅದು ಅವಳದೇ ಆಗಿತ್ತೇ?

ಕೈ ನಿಂತಿತು. ವ್ಯಾಪಾರಿಯೂ ಬಳೆಗಾರ್ತಿಯೂ ಅವನಿಗೆ ಮರೆತೇ ಹೋದರು. ಅದೊಂದನ್ನು ತಿಳಿಯದೆ ಇರಲಾರೆ ಎನಿಸಿತು.

ಹೆಂಡತಿ ಅತ್ತ ಕುಳಿತು ರಾಟೆಯಲ್ಲಿ ನೂಲು ಸುತ್ತುತ್ತಿದ್ದಳು.

“ಒಂದು ಮಾತು ಕೇಳಬೇಕು” ಎಂದ.

“ಓಟಿನದಾದರೆ ಬೇಡ.”

“ಓಟಿನದಲ್ಲ. ಮಗು ಹೋದ ದಿನ ನಾನು ಪ್ರಾರ್ಥನೆ ಮಾಡಿದೆ. ನೀನು ಆಮೆನ್ ಅಂದೆಯಾ?”

ರಾಟೆ ನಿಂತಿತು.

“ಆಗ ಅನ್ನಲಿಲ್ಲ” ಎಂದಳು. “ನೀವು ಗಮನಿಸಲಿಲ್ಲ. ಎದ್ದು ಹೊರಗೆ ಹೋದಿರಿ.”

“ಆಮೇಲೆ?”

“ಎಷ್ಟೋ ತಿಂಗಳು ಅನ್ನಲಿಲ್ಲ. ದಿನದ ಪ್ರಾರ್ಥನೆಗೆ ಅನ್ನುತ್ತಿದ್ದೆ. ಅದೊಂದಕ್ಕೆ ಮಾತ್ರ ಬಾಯಿ ಬರುತ್ತಿರಲಿಲ್ಲ. ಒಂದು ದಿನ ಸಮಾಧಿಯ ಹತ್ತಿರ ಕೂತಿದ್ದಾಗ ಬಂತು. ಅಲ್ಲೇ ಅಂದೆ. ಒಬ್ಬಳೇ ಇದ್ದೆ.”

ನೇಕಾರ ಲಾಳಿಯನ್ನು ಕೆಳಗಿಟ್ಟ.

“ನೀನು ಸಮಾಧಿಗೆ ಹೋಗುತ್ತೀಯಾ?”

“ಹಂದಿ ಕೆದರಿದ ಮಣ್ಣನ್ನು ಸರಿ ಮಾಡುವವರು ಯಾರು ಅಂದುಕೊಂಡಿದ್ದೀರಿ?”

“ಹಾಗಾದರೆ ನಿನಗೂ ಗೋಡೆ ಬೇಕು.”

“ನಿಮಗಿಂತ ಹೆಚ್ಚು ಬೇಕು. ಆದರೆ ನೀವು ಪಕ್ಕದ ಓಣಿಗೆ ನೀರು ಕೊಡು ಅಂದಿರಿ. ನಾನು ಕೇಳಿಸಿಕೊಂಡು ಆಮೆನ್ ಅಂದೆ. ಈಗ ಆ ನೀರು ತಿರುಗಿಸಿಕೊಂಡವನನ್ನು ಗೆಲ್ಲಿಸು ಅನ್ನುತ್ತೀರಿ. ಇದಕ್ಕೂ ಆಮೆನ್ ಅಂದರೆ ನನ್ನ ಬಾಯಿಗೆ ಬೆಲೆ ಏನು ಉಳಿಯಿತು? ಮಗುವಿನ ಹತ್ತಿರ ಅಂದದ್ದೂ ಹಗುರವಾಗುತ್ತದೆ. ಅದು ನನಗೆ ಆಗದು.”

ಅವಳು ಮತ್ತೆ ರಾಟೆ ತಿರುಗಿಸಿದಳು. ನೇಕಾರ ಮತ್ತೆ ಲಾಳಿ ಎಸೆದ.

ಸಂಜೆ ಗಂಟೆ ಕೇಳಿಸಿತು. ಮೂವರೂ ಕುಳಿತರು. ನೇಕಾರ ಮಗ್ಗಕ್ಕಾಗಿ ಬೇಡಿದ. ಮೊಣಕಾಲಿಗಾಗಿ ಬೇಡಿದ. “ಪಕ್ಕದ ಓಣಿಗೂ ನೀರು ಕೊಡು” ಎಂದ. ಅಲ್ಲಿಗೆ ನಿಲ್ಲಿಸಿದ. ವ್ಯಾಪಾರಿಯ ಹೆಸರು ಬಾಯಿಗೆ ಬಂತು, ಎತ್ತಲಿಲ್ಲ. ಬಳೆಗಾರ್ತಿಯ ಹೆಸರನ್ನೂ ಎತ್ತಲಿಲ್ಲ.

“ಮುಗಿಯಿತೇನೋ?” ಎಂದಳು ತಾಯಿ. “ಮುಗಿಯದಿದ್ದರೂ ನನ್ನದು ಆಮೆನ್.”

ನೇಕಾರ ಕಣ್ಣು ತೆರೆದು ಹೆಂಡತಿಯ ಮುಖ ನೋಡುತ್ತ ಕುಳಿತ. ಅವಳು ಏನನ್ನುವಳೋ ಅವನಿಗೆ ಗೊತ್ತಿರಲಿಲ್ಲ. ಅವಳ ಆಮೆನ್‌ಗಾಗಿ ಅವನು ಕಾದದ್ದು ಅದೇ ಮೊದಲು.

ಅವಳು ತಡ ಮಾಡಿದಳು. ಆಮೇಲೆ ಆಮೆನ್ ಅಂದಳು.

ಊಟವಾದ ಮೇಲೆ ನೇಕಾರ ದಾರಿಯಲ್ಲಿ ತಡೆದಿದ್ದ ಹಿರಿಯನ ಮನೆಗೆ ಹೋದ. “ನಾನು ಮೂರು ಮತ ಅಂದೆ. ನನ್ನ ಹತ್ತಿರ ಇರುವುದು ಒಂದೇ. ಉಳಿದೆರಡು ಕೊಡಲು ನನ್ನವಲ್ಲ. ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ” ಎಂದ.

“ಆ ಒಂದಾದರೂ ನಮ್ಮವನಿಗೆ ತಾನೆ?”

“ನೋಡುತ್ತೇನೆ” ಎಂದ ನೇಕಾರ.

ಅಂದಿನಿಂದ ಹಿರಿಯ ಅವನೊಡನೆ ಮಾತು ಬಿಟ್ಟ. ಚರ್ಚಿನಲ್ಲಿ ಅವನ ಬೆಂಚಿಗೆ ಬಂದು ಕೂರುವವರೂ ಕಡಿಮೆಯಾದರು. ಮತದಾನದ ದಿನ ಗಂಡಹೆಂಡತಿ ಜೊತೆಯಲ್ಲೇ ನಡೆದು ಹೋದರು. ಅವನು ಗಂಡಸರ ಸಾಲಿನಲ್ಲಿ ನಿಂತ, ಅವಳು ಹೆಂಗಸರ ಸಾಲಿನಲ್ಲಿ. ಹಿಂದಿರುಗಿ ಬರುವಾಗ ಯಾರಿಗೆ ಹಾಕಿದೆ ಎಂದು ಅವನು ಕೇಳಲಿಲ್ಲ. ಅವಳೂ ಕೇಳಲಿಲ್ಲ. ದಾರಿಯಲ್ಲಿ ಸಮಾಧಿ ಭೂಮಿಗೆ ಹೋಗಿ ಇಬ್ಬರೂ ಮಣ್ಣು ಸರಿ ಮಾಡಿ ಬಂದರು.

ತಿಮೊಥೆಯಪ್ಪನವರು ಕತೆ ನಿಲ್ಲಿಸಿದರು.

“ಯಾರು ಗೆದ್ದರು?” ಎಂದು ನೆಹೆಮೀಯ ಕೇಳಿದ.

“ಯಾರೋ ಒಬ್ಬರು ಗೆದ್ದರು.”

“ನೇಕಾರ ಯಾರಿಗೆ ಹಾಕಿದ?”

“ಕಟ್ಟಿಕೊಂಡ ಹೆಂಡತಿ ಕೇಳಲಿಲ್ಲ. ನೀನ್ಯಾರು ಕೇಳಲು?”

ನೆಹೆಮೀಯ ತಲೆ ತಗ್ಗಿಸಿದ. ಆದರೂ ಬಿಡಲಿಲ್ಲ.

“ಅವರ ಮನೆಯಲ್ಲಿದ್ದವರು ಮೂರು ಜನ. ನನ್ನ ಮುಂದೆ ಇಡೀ ಸಭೆ ಕುಳಿತಿರುತ್ತದೆ. ಭಾನುವಾರ ನಾನು ಆ ಹೆಸರಿಗಾಗಿ ಪ್ರಾರ್ಥಿಸಲೇ, ಬೇಡವೇ?”

ಮುದುಕರು ಅವನ ಮುಖವನ್ನು ದಿಟ್ಟಿಸಿ ನೋಡಿದರು.

“ಇಷ್ಟು ದಿನ ನೀನು ಪ್ರಾರ್ಥಿಸಿದಾಗ, ಆಮೆನ್ ಅನ್ನದೆ ಕುಳಿತವರು ಯಾರಾದರೂ ಇದ್ದರೋ ಎಂದು ಒಮ್ಮೆಯಾದರೂ ಕಣ್ಣು ತೆರೆದು ನೋಡಿದ್ದೀಯಾ?”